ನಿಮಗಿದು ಗೊತ್ತೆ? ಆನ್ ಆದೊಡನೆ ಕಂಪ್ಯೂಟರ್ ಮಾಡುವ ಮನೆಗಣತಿ

ನಲ್ಲೂರಿನ ಮನೆಯೊಂದರ ಕಂಪ್ಯೂಟರಾಗಲಿ, ಬೆಂಗಳೂರಿನ ದೊಡ್ಡ ಸರ್ವರಾಗಲಿ, ಸ್ವಿಚ್ ಒತ್ತಿದಾಗ ತನ್ನೊಳಗೆ ಯಾವ ಯಾವ ಕಾರ್ಡುಗಳಿವೆ ಎಂಬುದು ಅದರ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್‌ಗೆ ಗೊತ್ತಿರುವುದಿಲ್ಲ. ಜನಗಣತಿಯವರಂತೆ ಅದು ಕಾರ್ಡುಗಳನ್ನು ಜೋಡಿಸುವ ಸಂಪರ್ಕಮಾರ್ಗವಾದ ಪಿಸಿಐ ಬಸ್ಸಿನ ಬಾಗಿಲು ಬಾಗಿಲಿಗೂ ಹೋಗಿ ವಿಚಾರಿಸುತ್ತದೆ. ಒಂದು ಬಸ್ಸಿನಲ್ಲಿ ಗರಿಷ್ಠ 32 ಸಾಧನಗಳು. ಅಂಥ ಬಸ್ಸುಗಳು 256ರವರೆಗೆ ಇರಬಹುದು. ಯಾರೂ ಇಲ್ಲದ ಕಡೆಯಿಂದ ಬರುವ ಉತ್ತರದಲ್ಲಿ ಎಲ್ಲ ಬಿಟ್‌ಗಳೂ 1. ಇದ್ದರೆ ತಯಾರಕರ ಸಂಖ್ಯೆ ಸಿಗುತ್ತದೆ.

ಸಾಧನಕ್ಕೆ ಎಷ್ಟು ವಿಳಾಸಜಾಗ ಬೇಕೆಂದು ತಿಳಿಯುವ ಉಪಾಯ ಇನ್ನೂ ಸೊಗಸು. ಅದರ ವಿಳಾಸ ರಿಜಿಸ್ಟರಿನಲ್ಲಿ ಬರೀ 1ಗಳನ್ನೇ ಬರೆದು ಕರ್ನಲ್ ಮತ್ತೆ ಓದುತ್ತದೆ. ವಿಳಾಸದ ಕೊನೆಯ 12 ಬಿಟ್ ಹಟ ಹಿಡಿದು 0 ಆಗಿಯೇ ಉಳಿದರೆ, ಬೇಕಾದದ್ದು 4096 ಬೈಟ್! ಆಮೇಲೆ ಒಂದರ ಜಾಗ ಇನ್ನೊಂದಕ್ಕೆ ತಾಗದಂತೆ ಹಂಚಿಕೆ. ಪಿಸಿಐಗೆ ಮುಂಚಿನ ಅನೇಕ ಕಾರ್ಡುಗಳಲ್ಲಿ ಈ ಕೆಲಸವನ್ನು ಜನರೇ ಪುಟ್ಟ ಜಂಪರ್‌ಗಳನ್ನು ಕಿತ್ತು ಸಿಕ್ಕಿಸಿ ಮಾಡಬೇಕಿತ್ತು.

ಎಲ್ಲ ಯಂತ್ರಗಳೂ ಹೀಗೆ ಉತ್ತರ ಕೊಡುವುದಿಲ್ಲ. ಬೆಂಗಳೂರಿನಲ್ಲೇ ರೂಪುಗೊಂಡು, 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) 'ಅಮಿಡಾ' ಹೆಸರಲ್ಲಿ ಮಾರುಕಟ್ಟೆಗೆ ತಂದ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರ್ ಲಿನಕ್ಸ್ ಮೇಲೆ ನಡೆಯುತ್ತಿತ್ತು. ಅದರ ಆರ್ಮ್ ಬಗೆಯ ಚಿಪ್ಪಿನಲ್ಲಿ ಯಾವುದು ಎಲ್ಲಿದೆ ಎಂಬುದನ್ನು ಕರ್ನಲ್‌ಗೆ ಮೊದಲೇ ಬರೆದುಕೊಡಬೇಕಿತ್ತು. ಈಗ ಆ ಪಟ್ಟಿಗೆ 'ಡಿವೈಸ್ ಟ್ರೀ' ಎಂಬ ಪ್ರತ್ಯೇಕ ಕಡತವಿದೆ.

ನಿಮ್ಮ ಕಂಪ್ಯೂಟರಿನಲ್ಲಿ ವಿಳಾಸಜಾಗದ ಹಂಚಿಕೆಯ ಫಲ ನೋಡಬೇಕೆ? ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್‌ಪ್ಲೇ ಅಡಾಪ್ಟರಿನ ಪ್ರಾಪರ್ಟೀಸ್ ತೆರೆದು 'ರಿಸೋರ್ಸಸ್' ಒತ್ತಿ.