ಹೇಜಲ್ ವಾಕರ್

ಹೇಜಲ್ ವಾಕರ್ (೧೯೧೪–೧೯೯೦) ಅಮೆರಿಕ ಸಂಯುಕ್ತ ಸಂಸ್ಥಾನದ ಅರ್ಕಾನ್ಸಾ ರಾಜ್ಯದ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿ. ಮಹಿಳೆಯರಿಗೆ ವೃತ್ತಿಪರ ಲೀಗ್ ಇಲ್ಲದಿದ್ದ ಕಾಲದಲ್ಲಿ ಊರೂರು ಸುತ್ತುವ ತಂಡಗಳಲ್ಲಿ ಆಡಿ, ಆಟವನ್ನೇ ಜೀವನೋಪಾಯವಾಗಿಸಿಕೊಂಡವರು. ೧೯೪೯ರಲ್ಲಿ 'ಅರ್ಕಾನ್ಸಾ ಟ್ರಾವೆಲರ್ಸ್' ಎಂಬ ಸ್ವಂತ ತಂಡವನ್ನು ಕಟ್ಟಿ, ೧೯೬೫ರವರೆಗೆ ಅದರ ಒಡತಿಯೂ ವ್ಯವಸ್ಥಾಪಕಿಯೂ ಆಟಗಾರ್ತಿಯೂ ಆಗಿದ್ದರು.

ಹವ್ಯಾಸಿ ಕ್ರೀಡಾಜೀವನ

ವಾಕರ್ ಅರ್ಕಾನ್ಸಾದ ಓಕ್ ಹಿಲ್ ಬಳಿ ಜನಿಸಿದರು. ಶಾಲಾ ಶಿಕ್ಷಣದ ನಂತರ ಟಲ್ಸಾ ಬಿಸಿನೆಸ್ ಕಾಲೇಜನ್ನು ಸೇರಿ, ೧೯೩೪ರಲ್ಲಿ ಆ ಕಾಲೇಜಿನ ತಂಡದೊಡನೆ ಅಮೆಚೂರ್ ಅಥ್ಲೆಟಿಕ್ ಯೂನಿಯನ್ನಿನ (ಎಎಯು) ರಾಷ್ಟ್ರೀಯ ಪ್ರಶಸ್ತಿಯನ್ನು ಗೆದ್ದರು. ಮುಂದೆ ಲಿಟಲ್ ರಾಕ್ ನಗರದ ತಂಡಗಳ ಪರವಾಗಿ ೧೯೩೭, ೧೯೪೦ ಮತ್ತು ೧೯೪೧ರಲ್ಲಿ ಅದೇ ಪ್ರಶಸ್ತಿ ಪಡೆದರು. ಫ್ರೀ ಥ್ರೋ ಎಸೆತದಲ್ಲಿ ಅವರ ನಿಖರತೆ ವಿಶೇಷವಾಗಿ ಹೆಸರಾಗಿತ್ತು.

ಆಗಿನ ಪ್ರಬಲ ಮಹಿಳಾ ತಂಡಗಳಲ್ಲಿ ಅನೇಕವನ್ನು ವಾಣಿಜ್ಯ ಸಂಸ್ಥೆಗಳು ಪೋಷಿಸುತ್ತಿದ್ದವು. ಹಗಲು ಕಚೇರಿಯ ಕೆಲಸ, ಬಿಡುವಿನಲ್ಲಿ ಆಟ ಎಂಬುದು ಆಟಗಾರ್ತಿಯರ ಸಾಮಾನ್ಯ ಜೀವನಕ್ರಮವಾಗಿತ್ತು. ಆಟಕ್ಕಾಗಿ ಸಂಭಾವನೆ ಪಡೆದವರಿಗೆ ಎಎಯು ಪಂದ್ಯಾವಳಿಗಳ ಬಾಗಿಲು ಮುಚ್ಚುತ್ತಿತ್ತು. ಹೀಗಾಗಿ ವೃತ್ತಿಪರರಾಗುವುದೆಂದರೆ ಅಲ್ಲಿಯವರೆಗೆ ಹೆಸರು ತಂದ ಕಣವನ್ನೇ ಬಿಟ್ಟುಕೊಡುವುದಾಗಿತ್ತು.

ರೆಡ್ ಹೆಡ್ಸ್ ತಂಡದಲ್ಲಿ

೧೯೪೬ರಲ್ಲಿ ವಾಕರ್ 'ಆಲ್ ಅಮೆರಿಕನ್ ರೆಡ್ ಹೆಡ್ಸ್' ತಂಡವನ್ನು ಸೇರಿದರು. ೧೯೩೬ರಲ್ಲಿ ಮಿಸೌರಿ ರಾಜ್ಯದ ಕ್ಯಾಸ್ವಿಲ್‌ನಲ್ಲಿ ಸಿ. ಎಂ. ಓಲ್ಸನ್ ಸ್ಥಾಪಿಸಿದ ಈ ಸಂಚಾರಿ ತಂಡವು ಊರೂರಿನ ಪುರುಷರ ತಂಡಗಳೊಡನೆ ಪುರುಷರ ನಿಯಮಗಳಂತೆಯೇ ಆಡುತ್ತಿತ್ತು. ಆಟದ ನಡುವೆ ಹಾಸ್ಯ ಹಾಗೂ ಚಮತ್ಕಾರದ ಪ್ರದರ್ಶನಗಳೂ ಇರುತ್ತಿದ್ದವು. ಸಹಜವಾಗಿ ಕೆಂಪು ಕೂದಲಿಲ್ಲದ ಆಟಗಾರ್ತಿಯರು ತಲೆಗೂದಲಿಗೆ ಕೆಂಪು ಬಣ್ಣ ಹಚ್ಚಿಕೊಳ್ಳುವುದು ತಂಡದ ರೂಢಿಯಾಗಿತ್ತು.

ಆ ಕಾಲದ ಮಹಿಳೆಯರ ಆಟದಲ್ಲಿ ಪ್ರತಿ ತಂಡಕ್ಕೆ ಆರು ಮಂದಿ ಇರುತ್ತಿದ್ದರು. ಮೂವರು ಅಂಕ ಗಳಿಸುವ ಮುನ್ನಡೆಯ ಆಟಗಾರ್ತಿಯರು, ಉಳಿದ ಮೂವರು ರಕ್ಷಕಿಯರು. ಯಾರೂ ಅಂಕಣದ ನಡುಗೆರೆಯನ್ನು ದಾಟುವಂತಿರಲಿಲ್ಲ. ಸ್ತ್ರೀದೇಹಕ್ಕೆ ಹೆಚ್ಚಿನ ಓಟ ಸಲ್ಲದೆಂಬ ನಂಬಿಕೆ ಇಂತಹ ನಿರ್ಬಂಧಗಳ ಹಿಂದಿತ್ತು. ಐವರು ಇಡೀ ಅಂಕಣದಲ್ಲಿ ಓಡಾಡಿ ಪುರುಷರನ್ನು ಎದುರಿಸುತ್ತಿದ್ದ ಸಂಚಾರಿ ತಂಡಗಳು ಆ ನಂಬಿಕೆಗೆ ಪ್ರತ್ಯಕ್ಷ ಉತ್ತರವಾದವು.

ಅರ್ಕಾನ್ಸಾ ಟ್ರಾವೆಲರ್ಸ್

೧೯೪೯ರಲ್ಲಿ ವಾಕರ್ ರೆಡ್ ಹೆಡ್ಸ್ ತೊರೆದು ಟ್ರಾವೆಲರ್ಸ್ ತಂಡವನ್ನು ಆರಂಭಿಸಿದರು. ಇಲ್ಲಿ ಕೆಂಪು ಕೂದಲಿನ ಕಟ್ಟುಪಾಡು ಇರಲಿಲ್ಲ. ಆಡಳಿತವೂ ಮಹಿಳೆಯ ಕೈಯಲ್ಲೇ ಇತ್ತು. ಚಿಕ್ಕದೊಂದು ತಂಡ ವಾಹನದಲ್ಲಿ ಊರಿಂದೂರಿಗೆ ಪಯಣಿಸಿ, ಬಹುಮಟ್ಟಿಗೆ ಸಣ್ಣ ಪಟ್ಟಣಗಳ ಶಾಲಾ ವ್ಯಾಯಾಮ ಮಂದಿರಗಳಲ್ಲಿ ಸ್ಥಳೀಯ ಪುರುಷರೊಡನೆ ಆಡುತ್ತಿತ್ತು. ಎದುರಾಳಿಗಳು ಪುರುಷರಾಗಿದ್ದರೂ ಹೆಚ್ಚಿನ ಪಂದ್ಯಗಳಲ್ಲಿ ಟ್ರಾವೆಲರ್ಸ್ ಜಯ ಗಳಿಸಿತು.

ಪಂದ್ಯದ ಮಧ್ಯವಿರಾಮದಲ್ಲಿ ವಾಕರ್ ಊರಿನವರನ್ನು ಫ್ರೀ ಥ್ರೋ ಸ್ಪರ್ಧೆಗೆ ಆಹ್ವಾನಿಸುತ್ತಿದ್ದರು. ಇತರ ಆಟಗಾರ್ತಿಯರು ದಣಿವಾರಿಸಿಕೊಳ್ಳುವ ಆ ಹೊತ್ತಿನಲ್ಲೂ ಅವರಿಗೆ ಬಿಡುವಿರಲಿಲ್ಲ. ಸುಮಾರು ಐವತ್ತನೆಯ ವಯಸ್ಸಿನವರೆಗೂ ಅವರು ಈ ಅಲೆದಾಟದ ಬದುಕನ್ನು ನಡೆಸಿದರು.

ಮಹತ್ವ

ವಾಕರ್ ನಿವೃತ್ತರಾದಾಗ ಮಹಿಳಾ ಬ್ಯಾಸ್ಕೆಟ್‌ಬಾಲ್‌ಗೆ ಒಲಿಂಪಿಕ್ಸ್‌ನಲ್ಲಿ ಸ್ಥಾನವಿರಲಿಲ್ಲ. ಶಿಕ್ಷಣದಲ್ಲಿ ಲಿಂಗತಾರತಮ್ಯವನ್ನು ನಿಷೇಧಿಸಿದ 'ಟೈಟಲ್ ನೈನ್' ಕಾನೂನು ೧೯೭೨ರಲ್ಲಿ ಬಂದಿತು. ಮಹಿಳೆಯರ ಆಟವು ೧೯೭೬ರಲ್ಲಿ ಮಾಂಟ್ರಿಯಲ್ ಒಲಿಂಪಿಕ್ಸನ್ನು ಪ್ರವೇಶಿಸಿತು. ಡಬ್ಲ್ಯುಎನ್‌ಬಿಎ ಲೀಗಿನ ಮೊದಲ ಋತು ೧೯೯೭ರಲ್ಲಿ ನಡೆಯಿತು. ಅದನ್ನು ಕಾಣಲು ವಾಕರ್ ಬದುಕಿರಲಿಲ್ಲ. ೨೦೦೧ರಲ್ಲಿ ಅವರ ಹೆಸರನ್ನು ಮಹಿಳಾ ಬ್ಯಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್‌ಗೆ ಸೇರಿಸಲಾಯಿತು. ರೆಡ್ ಹೆಡ್ಸ್ ತಂಡಕ್ಕೆ ೨೦೧೨ರಲ್ಲಿ ನೈಸ್ಮಿತ್ ಹಾಲ್ ಆಫ್ ಫೇಮ್‌ನ ಗೌರವ ದೊರೆಯಿತು.

ಸಂಚಾರಿ ತಂಡಗಳ ಆಟವನ್ನು ಕೇವಲ ಮನರಂಜನೆಯೆಂದು ಕಡೆಗಣಿಸುವವರೂ ಇದ್ದರು. ಆದರೆ ಕ್ರೀಡಾ ಸಂಸ್ಥೆಗಳು ವೃತ್ತಿಯ ಅವಕಾಶ ನೀಡದಿದ್ದಾಗ, ಮಹಿಳೆಯರು ಆಟದಿಂದಲೇ ಬದುಕಬಹುದೆಂಬುದನ್ನು ತೋರಿಸಿದವು ಈ ತಂಡಗಳೇ.