ಹಿಮ್ಮರಳುವ ಚರಂಡಿಗೆ ಅಂಗಳದಲ್ಲೊಂದು ಬಾಯಿ

ಬೆಂಗಳೂರಿನ ವೃಷಭಾವತಿ ಕಣಿವೆಯ ಇಳಿಜಾರಿನಲ್ಲಿರುವ ಬಂಧುಗಳ ಮನೆಗೆ ಈ ಮಳೆಗಾಲದಲ್ಲಿ ಹೋದಾಗ, ಹಿಂದಿನ ರಾತ್ರಿ ಬೀದಿಯ ಒಳಚರಂಡಿಯ ನೀರು ಬಚ್ಚಲಿನ ಜಾಲರಿಯಿಂದ ಮೇಲುಕ್ಕಿ, ನಡುಮನೆಯನ್ನು ದಾಟಿ, ದೇವರ ಕೋಣೆಯ ಹೊಸ್ತಿಲವರೆಗೂ ಬಂದು ನಿಂತಿತ್ತು. ಮನೆಯವರು ಜುಗುಪ್ಸೆಯಿಂದ ಮಾತೇ ಹೊರಡದೆ ನಿಂತಿರಲು, ಅವರು ಕರೆಸಿದ್ದ ಕೊಳಾಯಿ ಮೇಸ್ತ್ರಿ ನೇರವಾಗಿ ಅಂಗಳಕ್ಕೆ ಹೋಗಿ, ಛೇಂಬರಿನ ಮುಚ್ಚಳವನ್ನು ಹಾರೆಯಿಂದ ಮೀಟಿ, ನೀರು ತುಂಬಿದ ಲೆವೆಲ್ ಟ್ಯೂಬಿನ ಒಂದು ತುದಿಯನ್ನು ಛೇಂಬರಿನ ಅಂಚಿಗೂ ಇನ್ನೊಂದನ್ನು ಬಚ್ಚಲಿನ ನೆಲಕ್ಕೂ ಹಿಡಿಸಿ, "ಬಚ್ಚಲಿಗಿಂತ ಛೇಂಬರೇ ಒಂದು ಗೇಣು ಎತ್ತರ ಇದೆ ಸ್ವಾಮಿ, ನೀರು ಇನ್ನೆಲ್ಲಿ ಹೊರಗೆ ಬರಬೇಕು?" ಎಂದರು.

ಆ ಒಂದು ಮಾತಿನಲ್ಲಿ ಸಮಗ್ರ ಶಾಸ್ತ್ರವೇ ಅಡಗಿದೆಯೆಂದು ನನಗನ್ನಿಸಿತು. ಬೀದಿಯ ಮ್ಯಾನ್‌ಹೋಲ್ ಕಟ್ಟಿಕೊಂಡೊಡನೆ ನೀರು ಕೊಳವೆಯೊಳಗೆ ಹಿಂದೆ ಸರಿಯುತ್ತ, ಮಾರ್ಗದಲ್ಲಿ ಎಲ್ಲಕ್ಕಿಂತ ತಗ್ಗಾದ ದ್ವಾರ ಯಾವುದೋ ಅಲ್ಲಿಂದಲೇ ಹೊರಬೀಳುವುದು ನಿಸರ್ಗನಿಯಮ. ಆ ದ್ವಾರವು ಅಂಗಳದಲ್ಲಿದ್ದರೆ ಅಂಗಳ ಕೆಡುವುದು. ಬಚ್ಚಲಿನಲ್ಲಿದ್ದರೆ ಮನೆಯೇ ಕೆಡುವುದು. ಆಸ್ಟ್ರೇಲಿಯಾದ ಕೊಳಾಯಿ ನಿಯಮವು ಈ ಸತ್ಯವನ್ನೇ ಶಾಸನವಾಗಿಸಿ, ಮನೆಯ ಅತ್ಯಂತ ತಗ್ಗಾದ ಬಚ್ಚಲಿಗಿಂತ ಕನಿಷ್ಠ 150 ಮಿಲಿಮೀಟರ್ ಕೆಳಗೆ, ಹೊರಗಡೆ, ಜಾಲರಿಯುಳ್ಳ ಒಂದು ಬಾಯಿಯನ್ನು ವಿಧಿಸಿದೆ. ಆ ಜಾಲರಿಯನ್ನು ಬಿಗಿದು ಕೂರಿಸುವುದಿಲ್ಲ. ಉಕ್ಕುವ ನೀರು ತಾನೇ ಅದನ್ನು ಎತ್ತಿಕೊಂಡು ಹೊರಹರಿಯಲೆಂಬುದೇ ಅದರ ಉದ್ದೇಶ. ಯಂತ್ರವಿಲ್ಲದ, ವಿದ್ಯುತ್ತು ಬೇಡದ ಈ ಸರಳ ರಚನೆಯನ್ನು ನಾನು ಎಷ್ಟು ಮೆಚ್ಚಿದರೂ ಸಾಲದು.

ಹಲವರು ಬಚ್ಚಲಿನ ಜಾಲರಿಯಡಿ ನೀರು ನಿಲ್ಲುವ ಟ್ರ್ಯಾಪನ್ನೇ ನೆಚ್ಚಿರುತ್ತಾರೆ. ಅಲೆಕ್ಸಾಂಡರ್ ಕಮಿಂಗ್ 1775ರಲ್ಲಿ ಪೇಟೆಂಟ್ ಪಡೆದ ಬಾಗುಕೊಳವೆಯ ವಂಶಕ್ಕೆ ಸೇರಿದ ಅದು ದುರ್ಗಂಧವನ್ನು ತಡೆಯಬಲ್ಲುದೇ ಹೊರತು ಪ್ರವಾಹವನ್ನು ತಡೆಯಲಾರದು. ಅಂಗಡಿಯವರು ಹೊಗಳುವ ನಾನ್‌ರಿಟರ್ನ್ ವಾಲ್ವಿನ ವಿಷಯದಲ್ಲಿ ನನಗೆ ಸಂಶಯವೇ ಹೆಚ್ಚು: ಕೂದಲೋ ಚಿಂದಿಬಟ್ಟೆಯೋ ಸಿಕ್ಕಿಕೊಂಡರೆ ಅದರ ಬಾಗಿಲು ಪೂರ್ತಿ ಮುಚ್ಚದು, ಮುಚ್ಚಿದರೂ ಮೇಲ್ಮಹಡಿಯಲ್ಲಿ ಸ್ನಾನ ಮಾಡಿದ ನೀರು ಹೊರಹೋಗಲಾರದೆ ಕೆಳಗಿನ ಬಚ್ಚಲಿನಲ್ಲೇ ಏಳುತ್ತದೆ. ಆದರೂ ಬೀದಿಗಿಂತ ತಗ್ಗಾಗಿರುವ ಮನೆಗೆ ಅದು ಅನಿವಾರ್ಯ.

1898ರ ಪ್ಲೇಗಿನಿಂದ ನೈರ್ಮಲ್ಯದ ಪಾಠ ಕಲಿತ ಬೆಂಗಳೂರಿನ ಮಲಿನಜಲವೆಲ್ಲ ಬಹುಮಟ್ಟಿಗೆ ಇಳಿಜಾರನ್ನೇ ನಂಬಿ ವೃಷಭಾವತಿ, ಕೋರಮಂಗಲ-ಚಲ್ಲಘಟ್ಟ, ಹೆಬ್ಬಾಳ ಕಣಿವೆಗಳತ್ತ ಹರಿಯುತ್ತದೆ. ಈ ವ್ಯವಸ್ಥೆಯನ್ನು ನೋಡಿಕೊಳ್ಳುವ ಜಲಮಂಡಳಿ 1964ರಲ್ಲಿ ಸ್ಥಾಪಿತವಾಯಿತು. ಮಳೆನೀರಿಗೆ ರಾಜಕಾಲುವೆ, ಮಲಿನಜಲಕ್ಕೆ ಒಳಚರಂಡಿ ಎಂಬ ವಿಭಾಗವನ್ನು ಮರೆತು ತಾರಸಿಯ ಕೊಳವೆಯನ್ನು ಛೇಂಬರಿಗೆ ಜೋಡಿಸುವ ಪ್ರತಿಯೊಬ್ಬ ಗೃಹಸ್ಥನೂ ಕೆಳಬೀದಿಯವರ ಬಚ್ಚಲಿಗೆ ನೀರು ನುಗ್ಗಿಸುತ್ತಿದ್ದಾನೆ.

ನೀರು ನುಗ್ಗಿದ ಮೇಲೆ ಮಾಡತಕ್ಕದ್ದೂ ಉಂಟು. ಒಣಗಿದ ಕಡೆ ನಿಂತು ಮೇನ್ ಸ್ವಿಚ್ ಆರಿಸಲು ಸಾಧ್ಯವಾದರೆ ಆರಿಸಿ, ಇಡೀ ಮನೆಯ ನಲ್ಲಿಗಳನ್ನು ನಿಲ್ಲಿಸಬೇಕು; ಜಲಮಂಡಳಿಯ 1916ಕ್ಕೆ ಕರೆ ಮಾಡಿ ಜೆಟ್ಟಿಂಗ್ ಯಂತ್ರವನ್ನು ಕೇಳಬೇಕು. ಯಾರನ್ನೂ ಗುಂಡಿಗೆ ಇಳಿಸಕೂಡದು: ರಕ್ಷಣಾ ಸಾಧನಗಳಿಲ್ಲದೆ ಇಳಿಸುವುದು ಮಲಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯಿದೆಯಂತೆ ಅಪರಾಧ, ಒಳಗಿನ ವಿಷಾನಿಲವಂತೂ ಕ್ಷಣದಲ್ಲಿ ಪ್ರಾಣಹಾರಿ. ಶುಚಿಗೊಳಿಸುವ ಮೊದಲು ಪ್ರತಿಯೊಂದು ಕೋಣೆಯ ಛಾಯಾಚಿತ್ರ ತೆಗೆದಿಟ್ಟುಕೊಂಡರೆ ವಿಮೆಯವರ ಮುಂದೆ ಸಾಕ್ಷ್ಯವಾಗುವುದು. ನೆಲವನ್ನು ಮೊದಲು ಸಾಬೂನಿನಿಂದ ತೊಳೆದು, ಅನಂತರವೇ ಬ್ಲೀಚಿಂಗ್ ಪೌಡರ್ ಬಳಸಬೇಕು. ಕೊಳೆಯ ಮೇಲೆಯೇ ಸುರಿದರೆ ಅದರ ಶಕ್ತಿಯೆಲ್ಲ ಕೊಳೆಯಲ್ಲೇ ವ್ಯಯವಾಗುತ್ತದೆ. ಆಸಿಡ್ಡಿನೊಡನೆ ಅದನ್ನು ಎಂದಿಗೂ ಬೆರೆಸಬಾರದು, ಕ್ಲೋರಿನ್ ಅನಿಲ ಹುಟ್ಟುತ್ತದೆ.

ಖರ್ಚಿನ ದೊಡ್ಡ ಭಾಗವು ತೊಳೆಯುವ ಕೂಲಿಯಲ್ಲ. ನೆನೆದ ಹಾಸಿಗೆ, ಉಬ್ಬಿದ ಪ್ಲೈವುಡ್ ಕಪಾಟು, ಎಲ್ಲಕ್ಕಿಂತ ಮಿಗಿಲಾಗಿ ಛೇಂಬರಿನ ಪಕ್ಕದಲ್ಲೇ ತೋಡಿದ ಸಂಪು: ಅದಕ್ಕೆ ಒಮ್ಮೆ ಹೊಲಸು ಸೇರಿದರೆ ನೀರನ್ನೆಲ್ಲ ಚೆಲ್ಲಿ, ಗೋಡೆ ಉಜ್ಜಿಸಿ, ತಾರಸಿಯ ಟ್ಯಾಂಕನ್ನೂ ಕೊಳವೆಗಳನ್ನೂ ಶುದ್ಧಮಾಡಿ, ಅಲ್ಲಿಯವರೆಗೆ ಟ್ಯಾಂಕರಿನ ನೀರಿಗೆ ಹಣ ತೆರಬೇಕು. ಅಂಗಳದ ಬಾಯಿಯೂ ಸಂಪಿನಿಂದ ದೂರದಲ್ಲಿ, ಮಳೆನೀರು ಒಳಹೋಗದಷ್ಟು ಎತ್ತರದ ಅಂಚಿನೊಡನೆ ಇರುವುದೇ ಲೇಸು.

ಆದಕಾರಣ ಮನೆ ಕಟ್ಟಿಸುವವರು, ಆಯ ಕೇಳುವಷ್ಟೇ ಶ್ರದ್ಧೆಯಿಂದ, ತಳಪಾಯದ ಎತ್ತರ ನಿಶ್ಚಯಿಸುವ ಮೊದಲೇ ಬೀದಿಯ ಮ್ಯಾನ್‌ಹೋಲ್ ಮುಚ್ಚಳದ ಮಟ್ಟವನ್ನು ಮೇಸ್ತ್ರಿಯಿಂದ ಅಳೆಸಿ, ಬಚ್ಚಲಿನ ನೆಲವನ್ನು ಅದಕ್ಕಿಂತ ಮೇಲಿರಿಸಲಿ. ಕಟ್ಟಿ ಮುಗಿಸಿದವರು ಮುಂದಿನ ಮಳೆಗೆ ಮೊದಲೇ ಛೇಂಬರನ್ನು ತಗ್ಗಿಸಲಿ. ಒಂದೆರಡು ದಿನದ ಗಾರೆ ಕೆಲಸಕ್ಕೆ ತಗಲುವ ಹಣ, ಒಂದು ರಾತ್ರಿಯ ಪ್ರವಾಹ ಕಿತ್ತುಕೊಳ್ಳುವ ಹಣದ ಮುಂದೆ ಅತ್ಯಲ್ಪ.