ಜಾಲತಾಣದ ಸ್ಥಳಾಂತರವೂ ಅದರಲ್ಲಿ ತೋರುವ ತೊಡಕುಗಳೂ

ಈಗಿನ ಕಾಲದಲ್ಲಿ ಶಾಲೆಗಳೂ ಅಂಗಡಿಗಳೂ ಆಸ್ಪತ್ರೆಗಳೂ ತಮ್ಮ ಜಾಲತಾಣಗಳನ್ನು ಹಳೆಯ ಸರ್ವರುಗಳಿಂದ ತೆಗೆದು ಕ್ಲೌಡ್ ಸರ್ವರುಗಳಿಗೆ ಸಾಗಿಸುತ್ತಲಿರುವವು. ನಮ್ಮ ಶಾಲೆಯಲ್ಲಿಯೂ ಈ ಕೆಲಸವು ಈ ವರ್ಷ ನಡೆಯಿತು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ತಮ್ಮ ತಮ್ಮ ಕಛೇರಿಗಳಲ್ಲಿ ಇಂಥ ಕಾರ್ಯದ ಮೇಲ್ವಿಚಾರಣೆಯನ್ನು ಹೊತ್ತಿರುವದರಿಂದಲೂ, ತಾಯಿತಂದೆಗಳು ಮಕ್ಕಳ ವಿಷಯವಾದ ಪ್ರಕಟಣೆಗಳನ್ನು ಜಾಲತಾಣದಲ್ಲಿಯೇ ಓದುವದರಿಂದಲೂ, ಸ್ಥಳಾಂತರವು ಕೆಟ್ಟಾಗ ದೋಷವನ್ನು ಹುಡುಕುವ ಕ್ರಮವನ್ನು ಇಲ್ಲಿ ವಿವರಿಸುವೆವು.

ಕ್ಲೌಡ್ ಎಂಬ ಮಾತಿಗೆ ಮೇಘವೆಂದು ಅರ್ಥವಾದರೂ ಅದು ಆಕಾಶದಲ್ಲಿರುವ ವಸ್ತುವಲ್ಲ. ದೊಡ್ಡ ಕಟ್ಟಡಗಳಲ್ಲಿ ಸಾಲಾಗಿ ಇಟ್ಟಿರುವ ಗಣಕಯಂತ್ರಗಳ ಒಂದು ಪಾಲನ್ನು ಬಾಡಿಗೆಗೆ ಹಿಡಿಯುವದೇ ಅದು. ಜಾಲತಾಣಕ್ಕೆ ಮುಖ್ಯವಾಗಿ ನಾಲ್ಕು ಅಂಗಗಳುಂಟು: ಅದರ ಹೆಸರು, ಪುಟಗಳೂ ಚಿತ್ರಗಳೂ ಇರುವ ಫೈಲುಗಳು, ದಾಖಲೆಗಳನ್ನಿಡುವ ಡೇಟಾಬೇಸ್, ಇವುಗಳನ್ನು ಕೇಳಿದವರಿಗೆ ಒದಗಿಸುವ ಸರ್ವರ್ ತಂತ್ರಾಂಶ. ಇವುಗಳಲ್ಲಿ ಯಾವದೊಂದು ತಪ್ಪಿದರೂ ನೋಡುವವರಿಗೆ ಸೈಟು ಕೆಟ್ಟಿತೆಂದೇ ತೋರುವದು. ಆದಕಾರಣ ಹೊರಗಿನಿಂದ ಒಳಕ್ಕೆ, ಒಂದೊಂದೇ ಹೆಜ್ಜೆಯಾಗಿ ಪರೀಕ್ಷಿಸತಕ್ಕದ್ದು. ಒಂದೇ ವೇಳೆಯಲ್ಲಿ ಹತ್ತು ಕಡೆ ಕೈಹಾಕಿದರೆ ಯಾವದರಿಂದ ಸರಿಹೋಯಿತೆಂಬದೂ ತಿಳಿಯದು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯು ಇಲ್ಲಿ ಚೆನ್ನಾಗಿ ಸಲ್ಲುವದು.

ಮೊದಲನೆಯದಾಗಿ ಹೆಸರನ್ನು ನೋಡಬೇಕು. ಜಾಲತಾಣದ ಹೆಸರಿಗೆ ತಕ್ಕ ಸಂಖ್ಯಾರೂಪದ ವಿಳಾಸವನ್ನು ತಿಳಿಸುವ ಏರ್ಪಾಟಿಗೆ ಡಿ.ಎನ್.ಎಸ್. ಎಂದು ಹೆಸರು, ಇದನ್ನು 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಎಂಬವರು ರೂಪಿಸಿದರು. ಒಮ್ಮೆ ತಿಳಿದ ವಿಳಾಸವನ್ನು ಮಧ್ಯದ ಯಂತ್ರಗಳು ಗೊತ್ತಾದ ಅವಧಿಯ ವರೆಗೆ ನೆನಪಿನಲ್ಲಿಡುವವು. ಆ ಅವಧಿಯು 86,400 ಸೆಕೆಂಡುಗಳಾಗಿದ್ದರೆ ಕೆಲವರಿಗೆ ಒಂದು ದಿನದ ವರೆಗೂ ಹಳೆಯ ಪುಟವೇ ಕಾಣಿಸುವದು. ಇದು ದೋಷವಲ್ಲ, ಕಾಯುವದೇ ಪರಿಹಾರ. ಮುಂಚಿತವಾಗಿಯೇ ಆ ಅವಧಿಯನ್ನು 300 ಸೆಕೆಂಡುಗಳಿಗೆ ಇಳಿಸಿದರೆ ಕಾಯುವ ಕಾಲವೂ ಕಡಮೆಯಾಗುವದು. ಪುಟಗಳು ಸರಿಯಾಗಿ ಕಂಡರೂ ಇ-ಮೇಲ್ ಬಾರದಿದ್ದರೆ, ಅಂಚೆಯ ದಾರಿಯನ್ನು ತೋರಿಸುವ ಎಮ್.ಎಕ್ಸ್. ದಾಖಲೆಯು ಬಿಟ್ಟುಹೋಗಿದೆಯೋ ಎಂದು ನೋಡಬೇಕು.

ಎರಡನೆಯದು ಬಾಗಿಲು. ಪುಟವನ್ನು ಕೇಳಿದವರು ಬಹಳ ಹೊತ್ತು ಕಾದು ನಿರಾಶರಾದರೆ, ಫೈರ್‌ವಾಲ್ ಎಂಬ ಕಾವಲು ಅವರನ್ನು ತಡೆದಿರುವದು ಸಾಮಾನ್ಯ. ಅಲ್ಲಿ 80 ಮತ್ತು 443 ಎಂಬ ಪೋರ್ಟುಗಳನ್ನು ತೆರೆಯಬೇಕು. ಕಾಯುವ ಮೊದಲೇ ನಿರಾಕರಣೆಯ ಉತ್ತರವು ಬಂದರೆ, ಯಂತ್ರವು ಇದೆ, ಸರ್ವರ್ ತಂತ್ರಾಂಶವು ಮಾತ್ರ ನಡೆಯುತ್ತಲಿಲ್ಲವೆಂದು ಊಹಿಸಬಹುದು. ಸುರಕ್ಷಿತವಲ್ಲವೆಂಬ ಎಚ್ಚರಿಕೆಯು ಬಂದರೆ ಪ್ರಮಾಣಪತ್ರವನ್ನು ಹೊಸ ಸ್ಥಳದಲ್ಲಿ ಅಳವಡಿಸಿದೆಯೋ, ಅದರ ಅವಧಿಯು ಮುಗಿದಿದೆಯೋ ಎಂದು ನೋಡಬೇಕು.

ಮೂರನೆಯದು ಒಳಗಿನ ವ್ಯವಸ್ಥೆ. 500 ಎಂಬ ಸಂಖ್ಯೆಯು ಸರ್ವರಿನ ಒಳಗಿನ ದೋಷವನ್ನು ಸೂಚಿಸುವದು. ಅದರ ಕಾರಣವನ್ನು ಊಹಿಸದೆ ಸರ್ವರಿನ ಲಾಗ್ ಪುಸ್ತಕವನ್ನು ಓದಬೇಕು. ಅನೇಕ ವೇಳೆ ಡೇಟಾಬೇಸಿನ ಹಳೆಯ ವಿಳಾಸವಾಗಲಿ ಹಳೆಯ ಗುಪ್ತಪದವಾಗಲಿ ಹಾಗೆಯೇ ಉಳಿದಿರುವದು. 403 ಎಂದರೆ ಪ್ರವೇಶಕ್ಕೆ ಅಪ್ಪಣೆಯಿಲ್ಲ; 404 ಎಂದರೆ ಕೇಳಿದ್ದು ದೊರೆಯಲಿಲ್ಲ. ಪುಟವು ಬಂದು ಚಿತ್ರಗಳು ಮಾತ್ರ ಬಾರದಿದ್ದರೆ ಫೈಲುಗಳ ಹೆಸರನ್ನು ನೋಡಬೇಕು. ಯಾಕಂದರೆ ಇಂಗ್ಲಿಷಿನ ದೊಡ್ಡಕ್ಷರ ಚಿಕ್ಕಕ್ಷರಗಳನ್ನು ವಿಂಡೋಸ್ ಸಾಮಾನ್ಯವಾಗಿ ಒಂದೇ ಎಂದೆಣಿಸುವದು. ಲಿನಕ್ಸ್ ಬೇರೆಬೇರೆ ಎಂದೆಣಿಸುವದು.

ಕನ್ನಡ ಬಲ್ಲವರು ವಿಶೇಷವಾಗಿ ಗಮನಿಸತಕ್ಕ ತೊಡಕು ಇನ್ನೊಂದುಂಟು. ಯು.ಟಿ.ಎಫ್.-8 ಎಂಬ ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟುಗಳು ಬೇಕು. ಆ ಬೈಟುಗಳನ್ನು ಯುರೋಪಿನ ಹಳೆಯ ಕ್ರಮದಿಂದ ಓದಿದರೆ ಅರ್ಥವಿಲ್ಲದ ಅಕ್ಷರಗಳ ಗಲಿಬಿಲಿಯು ಕಾಣಿಸುವದು. ಆಗ ಮೂಲವು ಸಾಧಾರಣವಾಗಿ ಸುರಕ್ಷಿತವಾಗಿದ್ದು, ಓದುವ ಕ್ರಮವನ್ನು ತಿದ್ದಿದರೆ ಸಾಕು. ಆದರೆ ಕನ್ನಡವನ್ನು ಹಿಡಿಸಲಾರದ ಡೇಟಾಬೇಸಿನಲ್ಲಿ ಬರೆದುದರಿಂದ ಅಕ್ಷರಗಳೆಲ್ಲಾ ಪ್ರಶ್ನಾರ್ಥಕ ಚಿಹ್ನೆಗಳಾಗಿ ಮಾರ್ಪಟ್ಟಿದ್ದರೆ, ಆ ಹೊಸ ಪ್ರತಿಯಿಂದ ಅವುಗಳನ್ನು ಯಾರೂ ಮರಳಿ ಪಡೆಯಲಾರರು. ನಮ್ಮ ಹಳೆಯ ವಿದ್ಯಾರ್ಥಿನಿಯರ ಪಟ್ಟಿಗೆ ಇದೇ ಗತಿಯಾಗಿತ್ತು. ಶಾಲೆಯು ತಮ್ಮನ್ನು ಮರೆಯಿತೋ ಎಂದು ಬರೆದು ಕೇಳಿದವರೂ ಉಂಟು. ಹಳೆಯ ಸರ್ವರನ್ನು ಇನ್ನೂ ಬಿಟ್ಟುಕೊಡದೆ ಇದ್ದುದರಿಂದ ಪಟ್ಟಿಯನ್ನು ಪುನಃ ತಂದು, ಮುದ್ರಿತ ದಾಖಲೆಯೊಂದಿಗೆ ಹೋಲಿಸಿ ಹೆಸರುಗಳೆಲ್ಲವನ್ನೂ ಉಳಿಸಿಕೊಂಡೆವು.

ಹಾಗೆ ಉಳಿಸಿಕೊಳ್ಳಲಾಗದ ದೃಷ್ಟಾಂತವೂ ಲೋಕದಲ್ಲಿ ಉಂಟು. ಮೈಸ್ಪೇಸ್ ಎಂಬ ಅಮೇರಿಕದ ಜಾಲತಾಣದಲ್ಲಿ 2003ರಿಂದ 2015ರ ವರೆಗೆ ಜನರು ಇರಿಸಿದ್ದ ಸಂಗೀತವು ಸರ್ವರುಗಳ ಸ್ಥಳಾಂತರದಲ್ಲಿ ನಷ್ಟವಾಯಿತೆಂದು 2019ರ ಮಾರ್ಚಿ ತಿಂಗಳಿನಲ್ಲಿ ಲೋಕಕ್ಕೆ ತಿಳಿದುಬಂತು. ಹಾಡುಗಳ ಸಂಖ್ಯೆಯು 5 ಕೋಟಿಗೂ ಹೆಚ್ಚೆಂದು ಪತ್ರಿಕೆಗಳು ವರದಿಮಾಡಿದವು. ಬೇರೆಯವರು ತಮ್ಮ ಅಧ್ಯಯನಕ್ಕಾಗಿ ಮಾಡಿಕೊಂಡಿದ್ದ ಒಂದು ಪ್ರತಿಯಿಂದ ಸುಮಾರು 4,90,000 ಹಾಡುಗಳು ಮಾತ್ರ ತರುವಾಯ ಇಂಟರ್ನೆಟ್ ಆರ್ಕೈವ್‌ನಲ್ಲಿ ಜನರಿಗೆ ದೊರೆತವು. ಹೊಸ ನೀರು ಬಂದು ಹಳೆಯ ನೀರನ್ನು ಕೊಚ್ಚಿಕೊಂಡು ಹೋಗುವದು ಸಹಜವೆನ್ನುವರು. ದಾಖಲೆಗಳ ವಿಷಯದಲ್ಲಿಯಾದರೋ ಅದಕ್ಕೆ ಎಡೆಗೊಡಬಾರದು. ಹೊಸ ಸರ್ವರಿನಲ್ಲಿ ಪುಟಗಳನ್ನೂ ದಾಖಲೆಗಳನ್ನೂ ಎಣಿಸಿ, ಕೆಲವನ್ನಾದರೂ ತೆರೆದು ಓದಿ, ಪ್ರತ್ಯೇಕವಾದ ಇನ್ನೊಂದು ಪ್ರತಿಯನ್ನು ಬೇರೆ ಸ್ಥಳದಲ್ಲಿಟ್ಟ ಬಳಿಕವೇ ಹಳೆಯದನ್ನು ಮುಚ್ಚಬೇಕು.

ಕೊನೆಗೆ ನಮ್ಮ ಓದುಗರಲ್ಲಿ ಒಂದು ಬಿನ್ನಹ. ಯಾವ ಸಂಸ್ಥೆಯ ಜಾಲತಾಣದಲ್ಲಿಯೇ ಆಗಲಿ ತೊಡಕು ಕಂಡರೆ, ಕೆಟ್ಟಿತೆಂದು ಮಾತ್ರ ತಿಳಿಸದೆ, ಯಾವ ಪುಟ, ಯಾವ ವೇಳೆ, ಪರದೆಯ ಮೇಲೆ ಕಂಡ ಸಂಖ್ಯೆ ಅಥವಾ ವಾಕ್ಯವು ಯಾವದು, ಮೊಬೈಲ್ ಫೋನಿನಲ್ಲಿ ಕಂಡಿತೋ ಗಣಕಯಂತ್ರದಲ್ಲಿಯೋ ಎಂಬ ಈ ನಾಲ್ಕು ಸಂಗತಿಗಳನ್ನು ಬರೆದು ತಿಳಿಸಿರಿ. ಇಷ್ಟು ತಿಳಿದರೆ ದೋಷವು ಯಾವ ಹೆಜ್ಜೆಯಲ್ಲಿ ಇದೆಯೆಂಬದನ್ನು ಕಂಡುಕೊಳ್ಳುವದು ಬಹಳ ಸುಲಭವಾಗುವದು.